ಜವೆಗೋಧಿಯಷ್ಟು ಅಲೆ

ಇಪ್ಪತ್ತರ ಮೇಲೆ ಬೇಡ, ಕೆಳಗೂ ಬೇಡ, ಅನ್ನುತ್ತಿದ್ದಳು
ಹಿಂದಿನ ಸೀಟಿನಿಂದ ಐಲಾ ಕಾರ್ಪಿನೆನ್.
ನಾನು ಊಲು ಪಟ್ಟಣದ ಅಂಚೆ ವ್ಯಾನು ಬಿಟ್ಟು ಬಂದವನು,
ನಿಧಾನ ನನಗೆ ಹೊಸದಲ್ಲ. ಆದರೂ ಹೀಗೆ
ಶವಯಾತ್ರೆಗಿಂತ ತುಸುವೇ ಜೋರಾಗಿ,
ತಲೆಯ ಮೇಲೆ ಆಂಟೆನಾ ಹೊತ್ತುಕೊಂಡು
ತುಯಿರಾ ಬಡಾವಣೆಯ ಒಂದೊಂದೇ ಗಲ್ಲಿ,
ಹೋದ ದಾರಿಯಲ್ಲೇ ಮತ್ತೆ, ಮತ್ತೂ ಅದರಲ್ಲೇ.

ಜನ ನಮ್ಮನ್ನು ಟೀವಿ ಲೈಸೆನ್ಸಿನವರು ಅಂದುಕೊಂಡರು.
ಕಿಟಕಿಗಳ ನೀಲಿ ಬೆಳಕು ಒಂದೊಂದಾಗಿ ಆರುತ್ತಿತ್ತು.
ಮೂರನೇ ಮಹಡಿಯ ಮುದುಕಿಯೊಬ್ಬಳು
ಕಾಫಿ ಹಿಡಿದು ಇಳಿದು ಬಂದು
ನಮ್ಮನೇಲಿ ರೇಡಿಯೋ ಮಾತ್ರ, ದೇವರಾಣೆ, ಅಂದಳು.
ಐಲಾ ಕಾಫಿ ಕುಡಿದಳು. ಪುಸ್ತಕದಲ್ಲಿ ಬರೆದಳು:
ಇಟ್ಟಿಗೆ ಗೋಡೆ, ನಾಲ್ಕು ಮಹಡಿ, ಹನ್ನೊಂದು ಡೆಸಿಬೆಲ್ ನಷ್ಟ.
ಮುದುಕಿಯನ್ನು ಬರೆಯಲಿಲ್ಲ.

ಆಗ ಅಲೆ ಒಂದೂವರೆ ಮೊಳ.
ಪೈನ್ ಕಾಡು ದಾಟಿ, ಸೌದೆಯ ಒಟ್ಟಿಲು ದಾಟಿ,
ಸೌನಾದ ಹೊಗೆ ದಾಟಿ ಬರುತ್ತಿತ್ತು, ಹಠಮಾರಿ ಎತ್ತಿನ ಹಾಗೆ.
ಒಂಟಿಯಾಗಿ ಬರೋದಿಲ್ಲ ಅದು, ಅನ್ನುತ್ತಿದ್ದಳು.
ಒಂದೇ ಮಾತು, ಚರ್ಚಿನ ಗೋಡೆಗೆ ತಾಗಿ ಒಂದು ಸಲ,
ಹೆಪ್ಪುಗಟ್ಟಿದ ನದಿಗೆ ತಾಗಿ ಇನ್ನೊಂದು ಸಲ;
ನೆಟ್ಟಗೆ ಬಂದದ್ದು ಮೊದಲೇ ಬಂದು ಕೂತಿರುತ್ತೆ.
ಕೂಡಿಕೊಂಡರೆ ಹಬ್ಬ. ಎದುರುಬದುರಾದರೆ
ತಾವೇ ಒಂದನ್ನೊಂದು ನುಂಗಿ, ಮೌನ.
ವ್ಯಾನು ಒಂದು ಗೇಣು ಸರಿದರೆ ಮತ್ತೆ ಮಾತು.

ಅದನ್ನು ಕೇಳಿದ ರಾತ್ರಿ ಮನೆಗೆ ಹೋಗಿ
ಹೆಂಡತಿಯ ಎದುರಿನ ಕುರ್ಚಿ ಒಂದು ಗೇಣು ಸರಿಸಿ ಕೂತೆ.
ಉಪ್ಪು ಕೊಡು, ಅಂದಳು. ಅಷ್ಟೇ.

ಜೂನಿನಲ್ಲಿ ಬರ್ಚ್ ಚಿಗುರಿದರೆ ಲೆಕ್ಕವೆಲ್ಲ ಕೆಡುತ್ತಿತ್ತು.
ಬೋಳು ಮರಕ್ಕೊಂದು ಕೋಷ್ಟಕ, ಎಲೆ ಬಂದ ಮೇಲೊಂದು,
ಎಲೆ ನೆಂದ ಮೇಲೆ ಮತ್ತೊಂದು.
ಪ್ಯಾರಿಸ್ಸಿನ ಸಭೆಯಲ್ಲಿ ಯಾರೋ ಕೇಳಿದರಂತೆ:
ನಿಮ್ಮ ಸೂತ್ರದಲ್ಲಿ ಉಳಿದ ಆ ಎಂಟು ಡೆಸಿಬೆಲ್ ತಪ್ಪು ಯಾತರದ್ದು?
ಊರಿನದ್ದು, ಅಂದಳಂತೆ. ಸಭೆ ನಕ್ಕಿತಂತೆ.
ವಾಪಸು ಬಂದು ವ್ಯಾನಿನಲ್ಲಿ ಕೂತು, ಬಾಗಿಲು ಹಾಕಿಕೊಂಡು,
ನಾನು ತಮಾಷೆ ಮಾಡಿರಲಿಲ್ಲ ತೌನೋ, ಅಂದಳು.

ವರ್ಷ ಸರಿದಂತೆ ಅಲೆ ಕುಗ್ಗಿತು:
ಮುಕ್ಕಾಲು ಮೊಳ, ಗೇಣು, ನಾಲ್ಕು ಬೆರಳು.
ವ್ಯಾನು ತುಂಬುತ್ತಿದ್ದ ಯಂತ್ರ ಚೀಲಕ್ಕಿಳಿಯಿತು, ಚೀಲದ್ದು ಜೇಬಿಗೆ.
ಹೊಸ ಹುಡುಗರು ಬಂದರು, ಕೂತಲ್ಲೇ ಕಂಪ್ಯೂಟರಿನಲ್ಲಿ
ಊರು ಕಟ್ಟಿ ಕಿರಣ ಹಾಯಿಸುವವರು.
ಅವರ ಊರಿನಲ್ಲಿ ಕಾಫಿ ಹಿಡಿದು ಇಳಿಯುವವರಿಲ್ಲ.
ಎಂಟಿದ್ದ ತಪ್ಪು ಏಳೂವರೆಗೆ ಇಳಿಯಿತು.
ಐಲಾ ಅವರಿಗೆಲ್ಲ ಕೇಕು ತಂದಳು.

ಕೊನೆಯ ವರ್ಷದ ಅಲೆ ಜವೆಗೋಧಿಯ ಕಾಳಿನಷ್ಟು.
ಕಾಡಿನ ಮಾತು ಹಾಗಿರಲಿ, ಅಂಗೈ ಅಡ್ಡ ಬಂದರೆ ಮುಗಿಯಿತು.
ನೆಲಮಾಳಿಗೆಯ ಓಣಿಯಲ್ಲಿ ಎರಡು ಡಬ್ಬಿ, ನಡುವೆ ನಾಲ್ಕು ಮೀಟರು.
ಡ್ರೈವರಿಗೆ ಅಲ್ಲೇನು ಕೆಲಸ? ಆದರೂ ಕರೆದಳು.
ಇವೆರಡರ ನಡುವೆ ಅಡ್ಡಕ್ಕೆ ನಡಿ, ತೌನೋ.
ಎಷ್ಟು ವೇಗ?
ನಿನಗೆ ಹೇಗೆ ಬರುತ್ತೋ ಹಾಗೆ.

ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಹಾಗಂದದ್ದು.
ನಡೆದೆ. ಎಡ ಮೊಣಕಾಲು ಹಿಡಿದುಕೊಂಡಿತ್ತು, ನಡೆದೆ.
ತೆರೆಯ ಮೇಲಿನ ಗೆರೆ ಇಪ್ಪತ್ತೆರಡು ಡೆಸಿಬೆಲ್ ಕುಸಿದು
ತಳದಲ್ಲಿ ತುಸು ನಡುಗಿ, ಏರಿ, ಮೊದಲಿನಂತಾಯಿತು.
ಅಚ್ಚು ತೆಗೆದು ನನ್ನ ಕೈಗೆ ಕೊಟ್ಟಳು.

ಈಗದು ಫ್ರಿಜ್ಜಿನ ಬಾಗಿಲ ಮೇಲಿದೆ.
ಇದು ಯಾವ ಕಣಿವೆ, ತಾತ? ಅನ್ನುತ್ತಾಳೆ ಮೊಮ್ಮಗಳು.
ಮೂಲೆಯ ಪೆನ್ಸಿಲ್ ಬರಹ ಅವಳಿಗೆ ಓದಲು ಬಾರದು:
ತಾರೀಖು, ಕೋಣೆಯ ಶಾಖ ಹತ್ತೊಂಬತ್ತು ಡಿಗ್ರಿ,
ಅಡ್ಡ ಬಂದದ್ದು ತೌನೋ, ಕೋಟು ಸಮೇತ.